ಹನ್ನೊಂದನೇ ಗೂಡು

"ಒಳಗೆ ಬಂದೋರು ಮುನ್ನೂರ ಎಂಬತ್ತಾರು. ಹೊರಗೆ ಹೋದೋರೂ ಮುನ್ನೂರ ಎಂಬತ್ತಾರು. ಇದರಲ್ಲಿ ನೀವು ಹುಡುಕೋಕೆ ಇನ್ನೇನಿದೆ ಮೇಡಂ?"

ಡ್ಯಾನ್ಸ್ ಹಾಲಿನ ಮ್ಯಾನೇಜರ್ ಎರಡು ಸ್ಟೀಲ್ ಕ್ಲಿಕ್ಕರ್‌ಗಳನ್ನು ಬಾರ್ ಕಟ್ಟೆಯ ಮೇಲೆ ಮುಂದಕ್ಕೆ ತಳ್ಳಿದ. ಮುಷ್ಟಿಯಲ್ಲಿ ಅಡಗುವಷ್ಟು ಚಿಕ್ಕವು. ಹೆಬ್ಬೆರಳಿನಿಂದ ಒತ್ತಿದರೆ ಟಿಕ್ ಎಂದು ಒಂದು ಅಂಕಿ ಮುಂದೆ ಸರಿಯುತ್ತದೆ. ಬಾಗಿಲು ಕಾಯುವವನ ಬಲಗೈಯಲ್ಲಿರುವುದು ಒಳಗೆ ಬರುವವರಿಗೆ, ಎಡಗೈಯಲ್ಲಿರುವುದು ಹೊರಗೆ ಹೋಗುವವರಿಗೆ.

"ಆವತ್ತಿನ ಜೋಡಿ ಪೊಲೀಸರ ಹತ್ತಿರ ಇದೆ. ಇವು ಅಂಥವೇ," ಎಂದ ಮ್ಯಾನೇಜರ್.

ಕನ್ನಡಕದಮ್ಮ ಅವನ್ನು ಮುಟ್ಟಲಿಲ್ಲ. ಈ ಬೀದಿಯಲ್ಲಿ ಅವಳಿಗೆ ಆ ಹೆಸರು ಬಿದ್ದು ಹತ್ತು ವರ್ಷವಾಗಿತ್ತು. ಮನೆ ಬಿಟ್ಟು ಓಡಿಹೋದ ಗಂಡಂದಿರನ್ನು ಹುಡುಕಿ ಕೊಡುವುದು ಅವಳ ಕಸುಬು, ಮತ್ತು ಹಾಗೆ ಓಡಿಹೋದವರಲ್ಲಿ ಮುಕ್ಕಾಲು ಪಾಲು ಇದೇ ಬೀದಿಯ ಯಾವುದಾದರೊಂದು ಬಾರಿನ ಸ್ಟೂಲಿನ ಮೇಲೆ ಸಿಗುತ್ತಿದ್ದರು. ಈ ಸಲ ಬಂದದ್ದು ಯಾರ ಗಂಡನನ್ನೂ ಹುಡುಕುವುದಕ್ಕಲ್ಲ. ಮೂರು ದಿನದ ಹಿಂದೆ ಈ ಹಾಲಿನ ಬಾಲ್ಕನಿಯಲ್ಲಿ, ಬೀದಿಗೆಲ್ಲ ಹಾಡುಗಾರರನ್ನು ಒದಗಿಸುತ್ತಿದ್ದ ಏಜೆಂಟ್ ತಲೆ ಒಡೆದು ಸತ್ತು ಬಿದ್ದಿದ್ದ. ಬಾಗಿಲು ಕಾಯುತ್ತಿದ್ದ ಅವಳ ಸ್ವಂತ ತಮ್ಮ ಲಾಕಪ್ಪಿನಲ್ಲಿದ್ದ. ನಾಳೆ ಬೆಳಿಗ್ಗೆ ಅವನ ಮೇಲೆ ಕೊಲೆಯ ಆರೋಪ ಹೊರಿಸಿ ಕೋರ್ಟಿಗೆ ಕರೆದೊಯ್ಯುವವರಿದ್ದರು.

ಗಂಟೆ ಮಧ್ಯಾಹ್ನ ಮೂರು. ಅವಳು ಬರುತ್ತಿದ್ದುದೇ ಹಗಲಲ್ಲಿ. ರಾತ್ರಿ ಕುಡಿಯುವವನು ಸುಳ್ಳು ಹೇಳುತ್ತಾನೆ, ಹಗಲಲ್ಲಿ ಅವನ ಲೋಟ ತೊಳೆಯುವವಳು ನಿಜ ಹೇಳುತ್ತಾಳೆ ಎಂಬುದು ಅವಳ ಅನುಭವ. ರಾತ್ರಿ ಕಣ್ಣು ಕುಕ್ಕುವ ಆ ಬೀದಿ ಹಗಲಲ್ಲಿ ಮುಖ ತೊಳೆಯದೆ ಎದ್ದವರ ಹಾಗಿರುತ್ತಿತ್ತು. ಬಣ್ಣದ ದೀಪದ ಕೊಳವೆಗಳಲ್ಲಿ ಬಣ್ಣವಿಲ್ಲ, ಬರೀ ಧೂಳು. ಬಿಲಿಯರ್ಡ್ಸ್ ಕ್ಲಬ್ಬಿನ ಮುಂದೆ ಒಬ್ಬ ಪೈಪು ಹಿಡಿದು ರಾತ್ರಿಯ ವಾಂತಿಯನ್ನು ಮೋರಿಗೆ ನೂಕುತ್ತಿದ್ದ. ಎದುರಿನ ಬಾರಿಗೆ ಬಿಯರ್ ಪೀಪಾಯಿಗಳು ಉರುಳುತ್ತಿದ್ದವು. ಸಿನಿಮಾ ಮಂದಿರದ ಪಕ್ಕದ ಗೋಡೆಯ ಮೇಲೆ ನಗುವ ಹೆಂಗಸರ ಚಿತ್ರಗಳು ಬಿಸಿಲಿಗೆ ಮಾಸಿ, ನಗು ಮಾತ್ರ ಉಳಿದಿತ್ತು. ಸಂತೋಷ ಮಾರುವ ಬೀದಿಯಂತೆ ಇದು. ಮಾರುವವರ ಮುಖದಲ್ಲಿ ಅದು ಒಂದು ದಿನವೂ ಕಂಡದ್ದಿಲ್ಲ.

"ಈ ಎಣಿಕೆ ಯಾಕೆ ಮಾಡ್ತೀರಿ?" ಎಂದು ಕೇಳಿದಳು, ಗೊತ್ತಿದ್ದೂ.

"ಬಾಗಿಲು ಹಾಕೋಕೆ. ಎರಡು ಅಂಕಿನೂ ಒಂದಾದ್ರೆ ಒಳಗೆ ಯಾರೂ ಉಳಿದಿಲ್ಲ ಅಂತ. ಮೇಲೆ ಹತ್ತಿ, ಮೂಲೆ ಮೂಲೆ ನೋಡ್ಕೊಂಡು ಬರೋ ಕೆಲಸ ಇಲ್ಲ. ಅಂಕಿ ನೋಡು, ಬೀಗ ಜಡಿ, ಮನೆಗೆ ಹೋಗು. ಹದಿನೈದು ವರ್ಷದಿಂದ ಹೀಗೇ."

"ಏಜೆಂಟ್ ಆವತ್ತು ಯಾವ ಬಾಗಿಲಿಂದ ಬಂದ?"

"ಮುಂದಿನ ಬಾಗಿಲಿಂದ. ಅವನಿಗೆ ಸಲಾಂ ಹೊಡೆಸ್ಕೊಂಡು ಬರೋ ಚಟ. ಹಿಂದಿನ ಬಾಗಿಲು ನಮ್ಮಂಥ ಕೆಲಸದೋರಿಗೆ. ನಾವು ಬರೋದೂ ಅಲ್ಲೇ, ಹೋಗೋದೂ ಅಲ್ಲೇ. ನಮ್ಮನ್ನ ಯಾರೂ ಎಣಿಸೋದಿಲ್ಲ." ಮ್ಯಾನೇಜರ್ ಮೂಗು ತುರಿಸಿಕೊಂಡ. "ಅದಕ್ಕೇ ಹೇಳ್ತಿರೋದು. ಏಜೆಂಟ್ ಒಳಗೇ ಬಿದ್ದಿದ್ದ ಅಂದ್ಮೇಲೆ, ಹೊರಗೆ ಹೋದೋರ ಅಂಕಿ ಒಂದು ಕಮ್ಮಿ ಇರ್ಬೇಕು. ಇಲ್ಲ. ಅಂದ್ರೆ ನಿಮ್ಮ ತಮ್ಮ ಒಂದು ಸಲ ಸುಮ್ಸುಮ್ನೆ ಒತ್ತಿದಾನೆ. ಒಳಗೆ ಹೆಣ ಇದೆ ಅಂತ ಗೊತ್ತಿದ್ದೋನು ತಾನೇ ಹಾಗೆ ಮಾಡೋದು? ನಾನು ಹೇಳ್ತಿಲ್ಲ, ಇನ್ಸ್‌ಪೆಕ್ಟರ್ ಹೇಳಿದ್ದು."

ತಮ್ಮನ ಜೊತೆ ಕನ್ನಡಕದಮ್ಮನಿಗೆ ಮಾತಿಲ್ಲದೆ ಆರು ವರ್ಷ. ಕುಡುಕರಿಗೆ ಬಾಗಿಲು ತೆಗೆಯುವ ಕೆಲಸಕ್ಕೆ ಸೇರಿದ ದಿನ, ಇನ್ನು ಮೇಲೆ ನಮ್ಮ ಮನೆ ಬಾಗಿಲಿಗೆ ಬರಬೇಡ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿ ಕಳಿಸಿದ್ದಳು. ಈ ಮೂರು ದಿನವೂ ಲಾಕಪ್ಪಿನ ಕಡೆ ಹೋಗಿರಲಿಲ್ಲ. ಏನು ಕೇಳುವುದಿದ್ದರೂ ವಕೀಲರ ಮೂಲಕ ಕೇಳಿಸುತ್ತಿದ್ದಳು. ಅವನ ಮೇಲೆ ಅವಳಿಗೆ ಸಿಟ್ಟಿತ್ತು. ಆದರೂ ಒಂದು ವಿಷಯ ಅವಳಿಗೆ ಖಾತ್ರಿ: ಅವನು ಎಣಿಕೆಯಲ್ಲಿ ತಪ್ಪುವವನಲ್ಲ, ಸುಳ್ಳು ಎಣಿಸುವ ಜಾಣತನವಂತೂ ಅವನ ಜಾಯಮಾನದಲ್ಲೇ ಇಲ್ಲ.

ಅಂಕಿ ನಿಜ ಎಂದಿಟ್ಟುಕೊಂಡರೆ ಉಳಿಯುವುದು ಒಂದೇ ದಾರಿ. ಮುಂದಿನ ಬಾಗಿಲಿಂದ ಬರದವರು ಯಾರೋ ಒಬ್ಬರು ಮುಂದಿನ ಬಾಗಿಲಿಂದ ಹೊರಗೆ ಹೋಗಿದ್ದಾರೆ. ಏಜೆಂಟನ ಜಾಗದಲ್ಲಿ ಅವರು ಎಣಿಕೆಗೆ ಸಿಕ್ಕಿದ್ದಾರೆ.

"ಹಿಂದಿನ ಬಾಗಿಲು ತೋರಿಸಿ," ಎಂದಳು.

ಹಾಲನ್ನು ದಾಟಿ ಹೋಗಬೇಕಿತ್ತು. ಮರದ ನೆಲ, ಮುಖ ಕಾಣುವಷ್ಟು ಹೊಳಪು. ಅಂಚಿನಲ್ಲೇ ಮ್ಯಾನೇಜರ್ ಅವಳನ್ನು ತಡೆದ.

"ಮೇಡಂ, ಚಪ್ಪಲಿ! ದಯವಿಟ್ಟು ಗೋಡೆ ಪಕ್ಕ ಬನ್ನಿ. ಈ ನೆಲಕ್ಕೆ ವಾರಕ್ಕೆ ಮೂರು ಸಲ ಮೇಣ ತಿಕ್ಕಿಸ್ತೀವಿ. ಗಿರಾಕಿಗಳನ್ನ ತಡೆಯೋಕಾಗಲ್ಲ. ನಮ್ಮೋರು ಮಾತ್ರ ಹೊರಗಿನ ಚಪ್ಪಲೀಲಿ ಕಾಲಿಟ್ರೆ ಆವತ್ತೇ ಕೆಲಸ ಹೋಗುತ್ತೆ."

"ಮತ್ತೆ ನೀವೆಲ್ಲ?"

ಅವನು ತನ್ನ ಕಾಲು ಎತ್ತಿ ತೋರಿಸಿದ. ತೆಳ್ಳಗಿನ ಬಟ್ಟೆಯ ಅಟ್ಟೆಯಿರುವ ಕಪ್ಪು ಶೂ, ನಡೆದರೆ ಸದ್ದೇ ಇಲ್ಲ. "ಇದು ಹಾಲಿನ ಶೂ. ಬರ್ತಿದ್ದ ಹಾಗೆ ಹೊರಗಿನದು ಬಿಚ್ಚಿ ಗೂಡಲ್ಲಿಟ್ಟು ಇದನ್ನ ಹಾಕ್ಕೋತೀವಿ. ಹೋಗುವಾಗ ಇದನ್ನ ಇಟ್ಟು ಅದನ್ನ ಹಾಕ್ಕೋತೀವಿ. ಬಾರಿನೋನಿಂದ ಹಿಡಿದು ಹಾಡೋರ ತನಕ ಎಲ್ಲರಿಗೂ ಒಂದೊಂದು ಗೂಡು."

ಹಿಂದಿನ ಬಾಗಿಲ ಪಕ್ಕದಲ್ಲೇ ಮ್ಯಾನೇಜರನ ಮೇಜು. ಯಾರೇ ಬರಲಿ ಹೋಗಲಿ, ಅವನ ಮೂಗಿನ ಕೆಳಗೇ ಹಾದುಹೋಗಬೇಕು. ಅವನ ಕಣ್ಣಿಗೆ ಬೀಳಬಾರದು ಎಂದುಕೊಂಡವರು ಮುಂದಿನ ಬಾಗಿಲ ಗುಂಪಿನಲ್ಲಿ ನುಸುಳದೆ ಬೇರೆ ದಾರಿಯಿರಲಿಲ್ಲ.

ಮೇಜಿನ ಎದುರು ಗೋಡೆಗೆ ಆ ಚಪ್ಪಲಿ ಗೂಡುಗಳು. ಹದಿನಾಲ್ಕು ಇದ್ದವು, ಪ್ರತಿಯೊಂದರ ನೆತ್ತಿಗೂ ಸುಣ್ಣದಲ್ಲಿ ಬರೆದ ಅಂಕಿ. ಪ್ರತಿಯೊಂದರಲ್ಲೂ ಒಂದು ಜೊತೆ. ಮ್ಯಾನೇಜರನದು ಮಾತ್ರ ಅವನ ಹೊರಗಿನ ಬೂಟು, ಅವನು ಒಳಗಿದ್ದನಲ್ಲ.

"ಆವತ್ತಿಂದ ಯಾರಾದ್ರೂ ಇದನ್ನ ಮುಟ್ಟಿದ್ದಾರಾ?"

"ಯಾರು ಮುಟ್ತಾರೆ? ಗುಡಿಸೋ ಮುದುಕಿ ಹೆಣ ನೋಡಿ ಚೀರಿದ್ದೇ ತಡ, ಪೊಲೀಸರು ಬಂದು ಹಾಲಿಗೆ ಸೀಲ್ ಹಾಕಿದ್ರು. ಇವತ್ತು ಬೆಳಿಗ್ಗೆ ತೆಗೆದಿದ್ದು. ಕೆಲಸದೋರು ಬರೋದು ಆರು ಗಂಟೆಗೆ."

"ಪೊಲೀಸರು ನೋಡಿದ್ರಾ?"

"ನೋಡಿದ್ರು. ಎಲ್ಲಾ ಗೂಡೂ ಭರ್ತಿ, ಒಂದೂ ಕಮ್ಮಿ ಇಲ್ಲ ಅಂತ ಬರ್ಕೊಂಡು ಹೋದ್ರು."

ಕನ್ನಡಕದಮ್ಮನಿಗೆ ನಗು ಬಂದಿತು, ಕಹಿಯಾದ ನಗು. ಭರ್ತಿಯೇನೋ ಹೌದು. ಆದರೆ ಕೆಲಸದವರೆಲ್ಲ ಮನೆಗೆ ಹೋದ ಮೇಲೆ ಗೂಡುಗಳಲ್ಲಿ ಇರಬೇಕಾದದ್ದು ಬಟ್ಟೆ ಅಟ್ಟೆಯ ಹಾಲಿನ ಶೂಗಳು ಮಾತ್ರ. ಸಾಲಾಗಿ ನೋಡುತ್ತ ಬಂದಳು. ಬಟ್ಟೆ ಅಟ್ಟೆ, ಬಟ್ಟೆ ಅಟ್ಟೆ, ಬಟ್ಟೆ ಅಟ್ಟೆ. ಹನ್ನೊಂದನೇ ಗೂಡಿನಲ್ಲಿ ಗಟ್ಟಿ ರಬ್ಬರಿನ ಅಟ್ಟೆ, ಅಂಚಿನಲ್ಲಿ ಒಣಗಿದ ಬೀದಿ ಕೆಸರು.

ಯಾರೋ ಹಾಲಿನ ಶೂನಲ್ಲೇ ಬೀದಿಗೆ ಇಳಿದುಹೋಗಿದ್ದಾರೆ. ಹೊರಗಿನದನ್ನು ಬದಲಾಯಿಸಿಕೊಳ್ಳಲು ಇಲ್ಲಿಗೆ, ಈ ಮೇಜಿನ ಮುಂದಕ್ಕೆ, ಬರುವ ಧೈರ್ಯ ಅವರಿಗೆ ಆಗಿಲ್ಲ.

ಮೂರು ದಿನದಲ್ಲಿ ಮೊದಲ ಸಲ ಅವಳ ಎದೆ ಹಗುರವಾಯಿತು. ತಮ್ಮ ಬದುಕಿಕೊಂಡ ಎಂದುಕೊಂಡಳು. ಸಂಜೆಯೊಳಗೆ ಇದನ್ನು ಇನ್ಸ್‌ಪೆಕ್ಟರನ ಮೇಜಿನ ಮೇಲೆ ಇಟ್ಟರೆ ಸಾಕು.

"ಹನ್ನೊಂದು ಯಾರದ್ದು?"

ಮ್ಯಾನೇಜರ್ ಬೆನ್ನು ತಿರುಗಿಸಿಕೊಂಡು ಖಾಲಿ ಬಾಟಲಿಗಳ ಪೆಟ್ಟಿಗೆಗಳನ್ನು ಪಕ್ಕಕ್ಕೆ ಸರಿಸುತ್ತಿದ್ದ. "ಹನ್ನೊಂದಾ? ಹೊಸದಾಗಿ ಬಂದ ಹಾಡುಗಾರ್ತಿದು. ಮೂರು ವಾರ ಆಯ್ತು. ಒಳ್ಳೇ ಗಂಟಲು. ಏಜೆಂಟೇ ತಂದು ನಿಲ್ಲಿಸಿದ್ದು, ಹಾಗಾಗಿ ಅವಳು ತನ್ನ ಆಸ್ತಿ ಅನ್ನೋ ಥರ ಆಡ್ತಿದ್ದ. ಆವತ್ತು ಒಂದು ಹಾಡು ಹಾಡಿದ್ಲು, ಎರಡನೇದಕ್ಕೆ ಆಳೇ ಇಲ್ಲ. ಹಾಡೋರು ಹಾಗೇ ಬಿಡಿ, ಮುನಿಸಿಕೊಂಡ್ರೆ ಹೇಳದೆ ಹೋಗ್ತಾರೆ."

"ಪೊಲೀಸರು ಅವಳ ಬಗ್ಗೆ ಕೇಳ್ಲಿಲ್ವಾ?"

"ಬಾಗಿಲು ಕಾಯೋನು ಕೈಗೆ ಸಿಕ್ಕಿದ್ಮೇಲೆ ಹಾಡೋಳನ್ನ ಯಾರು ಕೇಳ್ತಾರೆ ಮೇಡಂ?"

ಅವಳು ಎಡಗಾಲಿನ ಶೂ ಕೈಗೆ ತೆಗೆದುಕೊಂಡಳು. ಕಂದು ಬಣ್ಣದ್ದು, ಮೇಲೆ ಒಂದು ಪಟ್ಟಿ. ಪಟ್ಟಿಯ ಕೊಕ್ಕೆ ಕಿತ್ತುಹೋಗಿ, ಆ ಜಾಗದಲ್ಲಿ ಕೋಟಿನ ಗುಂಡಿಯೊಂದನ್ನು ಹೊಲಿಯಲಾಗಿತ್ತು. ಕಂದು ಶೂಗೆ ನೀಲಿ ದಾರ.

ಆ ದಾರ ನೀಲಿ ಯಾಕೆಂದು ಅವಳಿಗೆ ಗೊತ್ತಿತ್ತು. ಮನೆಯಲ್ಲಿ ಕಪ್ಪು ದಾರ ಮುಗಿದಿತ್ತು. ಕಳೆದ ತಿಂಗಳು ಕಿಟಕಿಯ ಪಕ್ಕ ಕೂತು, ಸೂಜಿ ಎರಡು ಸಲ ಬೆರಳಿಗೆ ಚುಚ್ಚಿಸಿಕೊಂಡು ಅದನ್ನು ಹೊಲಿದವಳು ಅವಳೇ. "ಏನಮ್ಮಾ ಇದು, ನೀಲಿ ದಾರ! ಜನ ನೋಡಿದ್ರೆ ನಗ್ತಾರೆ," ಎಂದು ಮಗಳು ಗೊಣಗಿದ್ದಳು. "ನಿನ್ನ ಆಸ್ಪತ್ರೇಲಿ ರಾತ್ರಿ ಹೊತ್ತು ನಿನ್ನ ಕಾಲು ನೋಡೋಕೆ ಯಾರಿರ್ತಾರೆ?" ಎಂದು ತಾಯಿ ಬಾಯಿ ಮುಚ್ಚಿಸಿದ್ದಳು. ಮಗಳಿಗೆ ಆಸ್ಪತ್ರೆಯ ಟೆಲಿಫೋನ್ ವಿಭಾಗದಲ್ಲಿ ರಾತ್ರಿ ಪಾಳಿ. ಹಾಗಂತ ತಾಯಿ ನಂಬಿದ್ದಳು. ಮೊನ್ನೆ ಹೊಸ ಚಪ್ಪಲಿ ಹಾಕಿಕೊಂಡದ್ದನ್ನು ನೋಡಿ ಕೇಳಿದ್ದಕ್ಕೆ, ಹಳೇದು ಹರಿದುಹೋಯ್ತು, ಬಿಸಾಕಿದೆ ಅಂದಿದ್ದಳು. ಅದನ್ನೂ ನಂಬಿದ್ದಳು.

ಊರಿನ ಗಂಡಂದಿರ ಸುಳ್ಳನ್ನೆಲ್ಲ ಹೆಕ್ಕಿ ತೆಗೆದವಳಿಗೆ, ಒಂದೇ ಸೂರಿನ ಕೆಳಗೆ ಬೆಳೆದ ಸುಳ್ಳು ಕಂಡಿರಲಿಲ್ಲ. ನಾಚಿಕೆಯೂ ಹೆದರಿಕೆಯೂ ಒಟ್ಟಿಗೇ ಬಂದವು.

"ಏನಾದ್ರೂ ಸಿಕ್ತಾ?" ಎಂದು ಮ್ಯಾನೇಜರ್ ಪೆಟ್ಟಿಗೆಗಳ ಹಿಂದಿನಿಂದ ಕೇಳಿದ.

"ಏನಿಲ್ಲ," ಎಂದಳು ಕನ್ನಡಕದಮ್ಮ. ಜೊತೆ ಶೂ ಆಗಲೇ ಅವಳ ಕೈಚೀಲದೊಳಗೆ ಇಳಿದಿತ್ತು.

*

ಠಾಣೆಯ ಹಿಂಭಾಗದಲ್ಲಿ ಕಬ್ಬಿಣದ ಜಾಲರಿ, ಅದರ ಆಚೆ ತಮ್ಮ. ಬಾಗಿಲಲ್ಲಿ ನಿಂತು ನಿಂತು ಅಗಲವಾದ ಹೆಗಲು, ಮೂರು ದಿನದಲ್ಲಿ ಜೋತುಬಿದ್ದಿತ್ತು. ಅವಳನ್ನು ಕಂಡು ಎದ್ದು ನಿಂತ. ಎದ್ದವನಿಗೆ ಮುಂದೇನು ಮಾಡಬೇಕೆಂದು ತಿಳಿಯಲಿಲ್ಲ.

"ಬಂದ್ಯಾ ಅಕ್ಕ," ಎಂದ. "ಕೂತ್ಕೋ ಅನ್ನೋಕೆ ಇಲ್ಲಿ ಕುರ್ಚಿನೂ ಇಲ್ಲ."

ಕಾನ್‌ಸ್ಟೇಬಲ್ ಬಾಗಿಲ ಬಳಿ ಪೇಪರ್ ಓದುತ್ತ ಕೂತಿದ್ದ. ಕನ್ನಡಕದಮ್ಮ ಅವನಿಗೆ ಬೆನ್ನು ಮಾಡಿ ನಿಂತು, ಚೀಲದ ಬಾಯಿಯನ್ನು ಒಂದಿಷ್ಟೇ ಅಗಲಿಸಿದಳು. ನೀಲಿ ದಾರ ಕಂಡಿತು.

ತಮ್ಮ ನೋಡಿದ. ಮುಖ ಗೋಡೆಗೆ ತಿರುಗಿಸಿದ.

"ಮುಚ್ಚು ಅಕ್ಕ," ಎಂದು ಪಿಸುಗುಟ್ಟಿದ.

"ನಿನಗೆ ಗೊತ್ತಿತ್ತಾ? ಅವಳು ಅಲ್ಲಿ ಹಾಡ್ತಾಳೆ ಅಂತ?" ಅವಳೂ ಪಿಸುದನಿಯಲ್ಲೇ ಕೇಳಿದಳು.

"ಮೊದಲನೇ ದಿನದಿಂದ ಗೊತ್ತು. ಅಮ್ಮಂಗೆ ಹೇಳ್ಬೇಡ ಮಾವ ಅಂದ್ಲು. ನಾನು ನಿಂಗೆ ಹೇಳೋದಾದ್ರೂ ಹ್ಯಾಗೆ? ಆರು ವರ್ಷದಿಂದ ನೀನು ನನ್ನ ಫೋನೇ ಎತ್ತಿಲ್ಲ."

"ಆವತ್ತು ಏನಾಯ್ತು?" ಎಂದು ಕೇಳಿದಳು.

"ನಾನು ಬಾಗಿಲು ಬಿಟ್ಟು ಅಲ್ಲಾಡ್ಲಿಲ್ಲ. ಒಳಗೆ ಏನಾಯ್ತೋ ನೋಡಿಲ್ಲ. ಹತ್ತೂವರೆಗೆ ಒಂದು ದೊಡ್ಡ ಗುಂಪು ಹೊರಗೆ ಹೋಯ್ತು. ಆ ಗುಂಪಿನ ಮಧ್ಯೆ ಇವಳು. ತಲೆ ಮೇಲೆ ಯಾರದೋ ಶಾಲು, ಕಾಲಲ್ಲಿ ಹಾಲಿನ ಶೂ. ನನ್ನ ಎಡಗೈ ತಾನಾಗೇ ಒತ್ತಿಬಿಡ್ತು. ಅಭ್ಯಾಸಬಲ. ತಲೆ ಎತ್ತಿ ಒಂದು ಸಲ ನನ್ನ ನೋಡಿದ್ಲು ಅಕ್ಕ, ಅಷ್ಟೇ. ಓಡಿಹೋದ್ಲು."

"ಇದನ್ನ ಹೇಳಿದ್ರೆ ನೀನು ಈಗ್ಲೇ ಹೊರಗೆ ಬರ್ತಿದ್ದೆ."

"ಅವಳು ಒಳಗೆ ಬರ್ತಿದ್ಲು."

"ಅವಳೇ ಹೊಡೆದಳಾ ಅವನನ್ನ?"

"ನಾನು ಕೇಳಿಲ್ಲ. ಕೇಳಿದ್ರೆ ಅವಳು ಏನಾದ್ರೂ ಹೇಳ್ತಾಳೆ. ಆಮೇಲೆ ಅದನ್ನ ಇಟ್ಕೊಂಡು ನಾನು ಬದುಕ್ಬೇಕು."

ಕನ್ನಡಕದಮ್ಮ ಜಾಲರಿಯನ್ನು ಹಿಡಿದುಕೊಂಡಳು. ತಮ್ಮನ ಮಾತಿನಲ್ಲಿ ಏನೋ ಒಂದು ಕೂಡುತ್ತಿರಲಿಲ್ಲ. ಅವಳ ತಲೆ ತಾನೇ ತಾನಾಗಿ, ಬೇಡವೆಂದರೂ, ತನ್ನ ಕಸುಬನ್ನು ಮಾಡುತ್ತಿತ್ತು. ಅವನು ಮಗಳನ್ನು ಗುರುತಿಸಿದ್ದ. ಅವಳು ಮುಂದಿನ ಬಾಗಿಲಿಂದ ಬಂದವಳಲ್ಲ ಎಂದು ಅವನಿಗೆ ಗೊತ್ತಿತ್ತು. ಹಾಗಿದ್ದರೆ, ಒಳಗೆ ಯಾರೂ ಉಳಿಯದಿದ್ದಲ್ಲಿ, ಕೊನೆಗೆ ಹೊರಗೆ ಹೋದವರ ಅಂಕಿ ಒಂದು ಹೆಚ್ಚಾಗಬೇಕಿತ್ತು.

"ಬಾಗಿಲು ಹಾಕುವಾಗ ಅಂಕಿ ನೋಡ್ದೆ ಅಲ್ವಾ?" ಎಂದು ಮೆಲ್ಲಗೆ ಕೇಳಿದಳು.

"ನೋಡ್ದೆ."

"ಎರಡೂ ಒಂದೇ ಇತ್ತು."

"ಒಂದೇ ಇತ್ತು."

"ಒಂದು ಹೆಚ್ಚಿರ್ಬೇಕಾಗಿತ್ತು ಕಣೋ. ಇವಳನ್ನ ಸೇರಿಸಿದೀಯಲ್ಲ."

ಕಾನ್‌ಸ್ಟೇಬಲ್ ಪೇಪರಿನ ಹಾಳೆ ಮಗುಚಿದ.

"ಗೊತ್ತಾಯ್ತು ಅಕ್ಕ," ಎಂದ ತಮ್ಮ. "ಅಲ್ಲೇ ನಿಂತು ಲೆಕ್ಕ ಹಾಕ್ದೆ. ಮುಂದಿನಿಂದ ಬಂದೋರಲ್ಲಿ ಒಬ್ಬ ಒಳಗೇ ಉಳಿದಿದಾನೆ. ಇಡೀ ಸಂಜೆ ಹೊರಗೆ ಬರದೇ ಇದ್ದ ಮುಖ ಯಾವ್ದು ಅಂತ ಯೋಚನೆ ಮಾಡ್ದೆ. ಅದೂ ಗೊತ್ತಾಯ್ತು. ಇವಳ ಮುಖ ಕಣ್ಮುಂದೆ ಬಂತು. ಬೀಗ ಹಾಕ್ದೆ."

"ಅವನಿಗೆ ಬೆಳಗಿನ ಜಾವದವರೆಗೂ ಉಸಿರಿತ್ತಂತೆ ಕಣೋ. ಡಾಕ್ಟರು ಬರೆದಿದ್ದಾರೆ. ಯಾರಾದ್ರೂ ಮೇಲೆ ಹತ್ತಿ ನೋಡಿದ್ರೆ ಉಳೀತಿದ್ದ."

"ಇನ್ಸ್‌ಪೆಕ್ಟರ್ ಹೇಳಿದ್ರು. ಸತ್ತೇ ಹೋಗಿರ್ತಾನೆ ಅಂದ್ಕೊಂಡೆ ಅಕ್ಕ. ಇಲ್ಲ, ಸುಳ್ಳು ಯಾಕೆ ಹೇಳ್ಲಿ. ಏನೂ ಅಂದ್ಕೊಳ್ಳಲಿಲ್ಲ. ಅವಳು ಮನೆ ಸೇರ್ಕೊಳ್ಲಿ ಅಂತ ಅಷ್ಟೇ. ಹೀಗಾಗಿ ಇನ್ಸ್‌ಪೆಕ್ಟರ್ ಹೇಳೋದು ಪೂರ್ತಿ ತಪ್ಪೇನಲ್ಲ. ಅವನನ್ನ ಕೊಂದೋನು ನಾನೂ ಹೌದು. ನೀನು ಆ ಚೀಲ ತಗೊಂಡು ಹೋಗಿ ಎಲ್ಲಾದ್ರೂ ಸುಟ್ಟುಬಿಡು."

ಬಾಗಿಲು ತೆಗೆಯುವವನು ಎಂದು ತಾನು ಹೀಯಾಳಿಸಿದ ಈ ಮನುಷ್ಯ, ಅಕ್ಕನ ಮಗಳಿಗೋಸ್ಕರ ಒಂದೇ ಒಂದು ಸಲ ಬಾಗಿಲು ಮುಚ್ಚಿದ್ದ. ಅವನನ್ನು ಅಪ್ಪಿಕೊಳ್ಳಬೇಕೋ ಕಪಾಳಕ್ಕೆ ಬಾರಿಸಬೇಕೋ ಅವಳಿಗೆ ತಿಳಿಯಲಿಲ್ಲ. ಎರಡಕ್ಕೂ ಜಾಲರಿ ಅಡ್ಡವಿತ್ತು.

"ಮೇಡಂ," ಎಂದು ಹಿಂದಿನಿಂದ ದನಿ ಬಂತು. ಇನ್ಸ್‌ಪೆಕ್ಟರ್ ನಿಂತಿದ್ದ, ಮುಖದಲ್ಲಿ ಏನೋ ಮರ್ಯಾದೆ. "ಒಂದು ನಿಮಿಷ ನನ್ನ ರೂಮಿಗೆ ಬರ್ತೀರಾ? ನಿಮ್ಮ ಮಗಳು ಬಂದಿದ್ದಾರೆ."

ತಮ್ಮನ ಬೆರಳುಗಳು ಜಾಲರಿಯನ್ನು ಬಿಗಿಯಾಗಿ ಹಿಡಿದವು. ಕನ್ನಡಕದಮ್ಮ ಅವನ ಕಡೆ ನೋಡದೆ ನಡೆದಳು. ಅವಳೇ ಬಂದಿದ್ದಾಳೆ, ಮಾವನನ್ನು ಉಳಿಸಲು ಬಂದಿದ್ದಾಳೆ, ನನ್ನ ಮಗಳು ಅಷ್ಟು ಕೆಟ್ಟವಳಲ್ಲ ಎಂದು ಆ ಹತ್ತು ಹೆಜ್ಜೆಯಲ್ಲಿ ಹತ್ತು ಸಲ ಅಂದುಕೊಂಡಳು. ಹೆಮ್ಮೆಯೂ ಆಯಿತು, ಭಯವೂ ಆಯಿತು.

ಮಗಳು ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಳು. ಕೂದಲು ಬಿಗಿಯಾಗಿ ಕಟ್ಟಿತ್ತು, ಕಣ್ಣು ಒಣಗಿತ್ತು. ತಾಯಿಯನ್ನು ಕಂಡು ಬೆಚ್ಚಲಿಲ್ಲ.

"ಕೂತ್ಕೊಳ್ಳಿ ಮೇಡಂ," ಎಂದ ಇನ್ಸ್‌ಪೆಕ್ಟರ್. "ಮನೆಯೋರೇ ಧೈರ್ಯ ಮಾಡಿ ಮುಂದೆ ಬಂದು ಹೇಳೋದು ಅಪರೂಪ. ನಿಮ್ಮ ಮಗಳು ಆವತ್ತು ಗೆಳತೀರ ಜೊತೆ ಆ ಹಾಲಿಗೆ ಹೋಗಿದ್ರಂತೆ, ಡ್ಯಾನ್ಸ್ ನೋಡೋಕೆ. ಬಾಲ್ಕನಿ ಮೆಟ್ಟಿಲ ಮೇಲೆ ನಿಮ್ಮ ತಮ್ಮನೂ ಏಜೆಂಟೂ ಕೈ ಕೈ ಮಿಲಾಯಿಸಿದ್ದನ್ನ ಕಣ್ಣಾರೆ ನೋಡಿದ್ದಾರೆ. ಹೆದರಿ ಮನೆಗೆ ಬಂದುಬಿಟ್ರಂತೆ. ಇದು ಸಿಕ್ಕಿದ್ಮೇಲೆ ನಾಳೆ ಕೋರ್ಟಲ್ಲಿ ನನಗೆ ಕಷ್ಟ ಇಲ್ಲ."

ಕನ್ನಡಕದಮ್ಮ ಪಕ್ಕಕ್ಕೆ ತಿರುಗಿದಳು. "ಯಾವ ಬಾಗಿಲಿಂದ ಒಳಗೆ ಹೋದೆ ನೀನು?" ಎಂದು ಮಗಳನ್ನು ಕೇಳಿದಳು.

"ಮುಂದಿನ ಬಾಗಿಲಿಂದ," ಎಂದಳು ಮಗಳು, ಕಣ್ಣು ಮಿಟುಕಿಸದೆ. "ಎಲ್ಲರ ಹಾಗೆ. ಮಾವನೇ ಎಣಿಸಿ ಒಳಗೆ ಬಿಟ್ಟ."

ಗೋಡೆ ತೆಳುವಾಗಿತ್ತು. ಆಚೆ ಕಡೆಯಿಂದ ಕಾನ್‌ಸ್ಟೇಬಲ್ ಕುರ್ಚಿ ಎಳೆದದ್ದೂ ಕೇಳಿಸಿತು. ಹಾಗಾದರೆ ಇಲ್ಲಿಯದೆಲ್ಲ ಅಲ್ಲಿ ತಮ್ಮನಿಗೂ ಕೇಳಿಸುತ್ತಿತ್ತು.

ಇನ್ಸ್‌ಪೆಕ್ಟರ್ ಹೇಳಿಕೆಯ ಹಾಳೆಯನ್ನು ಮೇಜಿನ ಮೇಲೆ ಅವಳ ಕಡೆಗೆ ತಿರುಗಿಸಿದ. ಕೆಳಗೆ ಮಗಳ ಸಹಿ ಆಗಲೇ ಬಿದ್ದಿತ್ತು. "ಪಕ್ಕದಲ್ಲಿ ಸಾಕ್ಷಿ ಅಂತ ನಿಮ್ಮದೂ ಒಂದಿರ್ಲಿ ಮೇಡಂ. ನಿಮ್ಮ ಮುಂದೆ, ಯಾರ ಒತ್ತಾಯವೂ ಇಲ್ಲದೆ ಹೇಳಿದ್ದು ಅಂತ. ನಿಮ್ಮ ಮಾತಿಗೆ ಈ ಊರಲ್ಲಿ ಬೆಲೆ ಇದೆ."

"ಹಾಕಮ್ಮ," ಎಂದಳು ಮಗಳು. "ಮಾವನ ವಿಷಯದಲ್ಲಿ ನೀನು ಯಾವಾಗ್ಲೂ ಏನು ಹೇಳ್ತಿದ್ಯೋ, ಅದನ್ನೇ ಅಲ್ವಾ ನಾನೂ ಹೇಳಿರೋದು?"

ಇನ್ಸ್‌ಪೆಕ್ಟರ್ ಪೆನ್ನಿನ ಮುಚ್ಚಳ ತೆಗೆದು ಚಾಚಿದ. ಕನ್ನಡಕದಮ್ಮ ಚೀಲವನ್ನು ತೊಡೆಯ ಮೇಲೆ ಭದ್ರವಾಗಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಪೆನ್ನು ತೆಗೆದುಕೊಂಡಳು.